ಸ್ವಲೀನತೆ ಎಂಬ ಹೆಸರು, ಪಕ್ಕದ ಬೆಂಚಿನ ಜೊತೆಗಾರ

ಆಟಿಸಂಗೆ ನಾವು ಕನ್ನಡದಲ್ಲಿ ಇಟ್ಟಿರುವ ಹೆಸರು ಸ್ವಲೀನತೆ. ತನ್ನೊಳಗೆ ತಾನೇ ಲೀನವಾಗಿರುವುದು ಎಂದು ಅದರ ಅರ್ಥ. ಮೂಲದ ಹೆಸರಿನಲ್ಲೂ ಇರುವುದು ಇದೇ ಅರ್ಥ: ಗ್ರೀಕಿನ 'ಆಟೋಸ್' ಎಂದರೆ 'ತಾನು'. ಸ್ವಿಸ್ ಮನೋವೈದ್ಯ ಬ್ಲಾಯ್ಲರ್ 1911ರ ತನ್ನ ಗ್ರಂಥದಲ್ಲಿ ಈ ಪದವನ್ನು ಬಳಸಿದ್ದು ಸ್ಕಿಜೋಫ್ರೇನಿಯಾ ಇರುವವರ ಒಂದು ಲಕ್ಷಣವನ್ನು ಹೇಳುವುದಕ್ಕೆ. ಅಮೆರಿಕದ ಬಾಲ್ಟಿಮೋರಿನಲ್ಲಿದ್ದ ಲಿಯೋ ಕ್ಯಾನರ್ 1943ರಲ್ಲಿ 11 ಮಕ್ಕಳನ್ನು ಕುರಿತು ಬರೆದ ಲೇಖನದಿಂದ ಅದು ಮಕ್ಕಳ ಹೆಗಲೇರಿತು. ಅಲ್ಲಿಂದೀಚೆಗೆ ಹೆಸರನ್ನೇ ಸ್ವಭಾವವೆಂದು ನಂಬಿದವರು ಬಹಳ. ಈ ಮಗು ತನ್ನ ಲೋಕದಲ್ಲಿ ತಾನಿರುತ್ತದೆ, ಅದಕ್ಕೆ ಗೆಳೆಯರು ಬೇಕಿಲ್ಲ, ಅದರ ಪಾಡಿಗೆ ಅದನ್ನು ಬಿಡುವುದೇ ಒಳ್ಳೆಯದು ಎಂಬ ಮಾತನ್ನು ಶಿಕ್ಷಕರೂ ಆಡುತ್ತಾರೆ, ನೆಂಟರೂ ಆಡುತ್ತಾರೆ. ಈ ನಂಬಿಕೆ ಇರುವಲ್ಲಿ, ಪ್ರೌಢಶಾಲೆಯ ಹುಡುಗ ಹುಡುಗಿಯರು ಆಟಿಸಂ ಇರುವ ಸಹಪಾಠಿಗೆ ಜೊತೆಗಾರರಾಗಿ ನಿಲ್ಲುವ ಕೆಲಸ ದಾನಧರ್ಮದಂತೆ ಕಾಣುತ್ತದೆ. ಒಳ್ಳೆಯ ಮಕ್ಕಳು ಪಾಪದ ಮಗುವಿನ ಮೇಲೆ ತೋರಿಸುವ ಕರುಣೆ ಎಂದು ಅದಕ್ಕೆ ಚಪ್ಪಾಳೆ ಬೀಳುತ್ತದೆ. ಈ ಕೆಲಸ ಹೆಚ್ಚು ಕಾಲದಿಂದ ನಡೆದಿರುವ, ಅಳತೆಗೂ ಸಿಕ್ಕಿರುವ ಅಮೆರಿಕದ ಶಾಲೆಗಳ ಅನುಭವವನ್ನು ನೋಡಿದರೆ ನಂಬಿಕೆ ಮತ್ತು ಚಪ್ಪಾಳೆ ಎರಡೂ ದಾರಿ ತಪ್ಪಿವೆ ಎಂದು ಗೊತ್ತಾಗುತ್ತದೆ.

ಒಂಟಿತನದ ಮಾತನ್ನೇ ಮೊದಲು ತೆಗೆದುಕೊಳ್ಳೋಣ. ನಿರೀತ್ ಬೌಮಿಂಗರ್ ಮತ್ತು ಕಾನಿ ಕಸಾರಿ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಚೆನ್ನಾಗಿ ಮಾತಾಡಬಲ್ಲ ಆಟಿಸಂ ಮಕ್ಕಳನ್ನು ಅವರ ಒಂಟಿತನದ ಬಗ್ಗೆ ನೇರವಾಗಿ ಕೇಳಿದರು. ಉಳಿದ ಮಕ್ಕಳಿಗಿಂತ ಇವರೇ ಹೆಚ್ಚು ಒಂಟಿತನ ಅನುಭವಿಸುತ್ತಿದ್ದರು. ಬೇಕಿಲ್ಲದ್ದು ಸಿಗದಿದ್ದರೆ ಯಾರಿಗೂ ನೋವಾಗುವುದಿಲ್ಲ, ಇವರಿಗೆ ನೋವಾಗಿತ್ತು. ಹದಿಹರೆಯಕ್ಕೆ ಬಂದರೆ ಚಿತ್ರ ಇನ್ನೂ ಕಠೋರ. ಅಮೆರಿಕದ ರಾಷ್ಟ್ರೀಯ ಸಮೀಕ್ಷೆಯೊಂದರ ಮಾಹಿತಿಯನ್ನು ಪಾಲ್ ಶಟಕ್ ಮತ್ತು ಸಂಗಡಿಗರು 2011ರಲ್ಲಿ ವಿಶ್ಲೇಷಿಸಿದಾಗ, ಆಟಿಸಂ ಇರುವ ಹದಿಹರೆಯದವರಲ್ಲಿ ಶೇ 43.3ರಷ್ಟು ಮಂದಿ ಶಾಲೆಯ ಹೊರಗೆ ಗೆಳೆಯರನ್ನು ಒಮ್ಮೆಯೂ ಕಂಡಿರಲಿಲ್ಲ. ಶೇ 54.4ರಷ್ಟು ಮಂದಿಗೆ ಯಾವ ಗೆಳೆಯನಿಂದಲೂ ಫೋನ್ ಬಂದಿರಲಿಲ್ಲ. ಶೇ 50.4ರಷ್ಟು ಮಂದಿಯನ್ನು ಯಾವ ಸಮಾರಂಭಕ್ಕೂ ಯಾರೂ ಕರೆದಿರಲಿಲ್ಲ. ಕೊನೆಯ ಎರಡು ಅಂಕಿಗಳನ್ನು ಇನ್ನೊಮ್ಮೆ ಓದಬೇಕು. ಫೋನ್ ಮಾಡಬೇಕಾದವರು, ಕರೆಯಬೇಕಾದವರು ಬೇರೆಯವರು. ಈ ಮಕ್ಕಳು ಯಾರನ್ನೂ ದೂರ ತಳ್ಳಿದ್ದರ ಲೆಕ್ಕ ಇದರಲ್ಲಿಲ್ಲ.

ಎರಡನೆಯ ನಂಬಿಕೆ ಸದುದ್ದೇಶದ್ದು. ಆದ್ದರಿಂದಲೇ ಅದನ್ನು ಅಲುಗಿಸುವುದು ಕಷ್ಟ. ಇಂಥ ಮಗುವಿನ ಪಕ್ಕದಲ್ಲಿ ತರಬೇತಿ ಪಡೆದ ದೊಡ್ಡವರೊಬ್ಬರು ಸದಾ ಇರಬೇಕು, ಮಕ್ಕಳನ್ನು ನೆಚ್ಚಿಕೊಳ್ಳಲಾಗದು ಎನ್ನುವುದು ಅದು. ಅಮೆರಿಕದಲ್ಲಿ ಅಂಗವಿಕಲ ಮಕ್ಕಳ ಶಿಕ್ಷಣದ ಕಾಯ್ದೆ 1975ರಲ್ಲಿ ಬಂತು, ಆಟಿಸಂ ಅದರಲ್ಲಿ ಪ್ರತ್ಯೇಕ ವರ್ಗವಾಗಿ 1990ರಲ್ಲಿ ಸೇರಿತು. ಮಗು ಸಾಮಾನ್ಯ ತರಗತಿಗೆ ಬಂದಾಗ ಅದರ ಜೊತೆಗೊಬ್ಬ ಸಹಾಯಕರೂ ಬಂದರು. ಮೈಕೆಲ್ ಜಿಯಾಂಗ್ರೆಕೊ ಮತ್ತು ಸಂಗಡಿಗರು 1997ರಲ್ಲಿ ತರಗತಿಗಳಲ್ಲಿ ಕೂತು ನೋಡಿ ಬರೆದದ್ದು ಈ ವ್ಯವಸ್ಥೆಯ ಕಣ್ಣು ತೆರೆಸಿತು. ಸಹಾಯಕರು ಮಗುವಿಗೆ ಅಂಟಿಕೊಂಡೇ ಇದ್ದಾಗ ಸಹಪಾಠಿಗಳು ಹತ್ತಿರ ಸುಳಿಯುತ್ತಿರಲಿಲ್ಲ, ತರಗತಿಯ ಶಿಕ್ಷಕರು ಆ ಮಗುವನ್ನು ತಮ್ಮ ವಿದ್ಯಾರ್ಥಿ ಎಂದು ಎಣಿಸುತ್ತಿರಲಿಲ್ಲ, ಮಗು ಪ್ರತಿಯೊಂದಕ್ಕೂ ಆ ಒಬ್ಬರ ಮುಖ ನೋಡುತ್ತಿತ್ತು. ಹದಿನೈದರ ಹುಡುಗನೊಬ್ಬನನ್ನು ಅವನಮ್ಮನ ವಯಸ್ಸಿನವರು ಊಟದ ಮೇಜಿನ ತನಕ ಹಿಂಬಾಲಿಸಿದರೆ ಆ ಮೇಜಿಗೆ ಬೇರೆ ಯಾವ ಹುಡುಗ ಬಂದು ಕೂರುತ್ತಾನೆ?

ಇದಕ್ಕೆ ಪರ್ಯಾಯವಾಗಿ ಬೆಳೆದದ್ದೇ ಸಹಪಾಠಿಗಳ ನೆರವಿನ ಪದ್ಧತಿ. ಎರಿಕ್ ಕಾರ್ಟರ್ ಮತ್ತು ಸಂಗಡಿಗರು ಅದನ್ನು ಪ್ರೌಢಶಾಲೆಗಳಲ್ಲಿ ಸರಿಯಾಗಿ ಪರೀಕ್ಷಿಸಿ 2016ರಲ್ಲಿ ಫಲಿತಾಂಶ ಕೊಟ್ಟರು. ತೀವ್ರ ಅಂಗವೈಕಲ್ಯ ಇರುವ 99 ವಿದ್ಯಾರ್ಥಿಗಳು ಅದರಲ್ಲಿದ್ದರು. 51 ಮಂದಿಗೆ ಸಹಪಾಠಿಗಳ ನೆರವು, ಉಳಿದ 48 ಮಂದಿಗೆ ಎಂದಿನಂತೆ ದೊಡ್ಡವರ ನೆರವು. ಮೊದಲ ಗುಂಪಿನವರು ಸಹಪಾಠಿಗಳೊಡನೆ ಹೆಚ್ಚು ಬೆರೆತರು, ಪಾಠದಲ್ಲೂ ಹೆಚ್ಚು ತೊಡಗಿದರು, ಹೊಸ ಗೆಳೆತನಗಳೂ ಅವರಲ್ಲೇ ಹೆಚ್ಚು ಮೂಡಿದವು. ತರಗತಿಯೊಳಗೆ ಇದು ಹೇಗಿರುತ್ತದೆ ಎಂಬುದು ಬಹಳ ಸರಳ. ಜೀವವಿಜ್ಞಾನದ ತರಗತಿ ಎಂದುಕೊಳ್ಳಿ. ಆಟಿಸಂ ಇರುವ ವಿದ್ಯಾರ್ಥಿಯ ಪಕ್ಕದಲ್ಲಿ ಅದೇ ತರಗತಿಯ ಒಬ್ಬರೋ ಇಬ್ಬರೋ ಕೂರುತ್ತಾರೆ. ಶಿಕ್ಷಕರು ಒಂದೇ ಉಸಿರಿಗೆ ನಾಲ್ಕು ಸೂಚನೆ ಕೊಟ್ಟರೆ ಇವರು ಅದನ್ನು ನಾಲ್ಕು ಸಾಲಾಗಿ ಹಾಳೆಯ ಮೇಲೆ ಬರೆದಿಡುತ್ತಾರೆ. ಮೈಕ್ರೋಸ್ಕೋಪಿನಲ್ಲಿ ಒಬ್ಬರು ನೋಡಿದರೆ ಇನ್ನೊಬ್ಬರು ಚಿತ್ರ ಬಿಡಿಸುತ್ತಾರೆ, ಆಮೇಲೆ ಕೆಲಸ ಅದಲುಬದಲು. ಒಂದು ಪ್ರಶ್ನೆ ಕೇಳಿದ ಮೇಲೆ ಸುಮ್ಮನೆ ಕಾಯುತ್ತಾರೆ. ಈ ಕಾಯುವಿಕೆಯನ್ನೇ ಅವರು ಬಹಳ ಕಷ್ಟಪಟ್ಟು ಕಲಿಯಬೇಕು. ಐದಾರು ಸೆಕೆಂಡಿನ ಮೌನ ನಮಗೆ ತಡೆಯಲಾಗದಷ್ಟು ಉದ್ದ ಅನ್ನಿಸುತ್ತದೆ. ಉತ್ತರ ಆ ಮೌನದ ಆಚೆ ತುದಿಯಲ್ಲಿ ಬರುತ್ತಿರುತ್ತದೆ. ನಾವು ನಡುವೆ ಬಾಯಿ ಹಾಕಿ ಅದನ್ನು ಕೆಡಿಸುತ್ತೇವೆ. ದೊಡ್ಡವರು ಇಲ್ಲಿಂದ ಮಾಯವಾಗುವುದಿಲ್ಲ. ಮೊದಲ ದಿನಗಳಲ್ಲಿ ಹೇಳಿಕೊಡುತ್ತಾರೆ, ಆಮೇಲೆ ಒಂದೆರಡು ಸಾಲು ಹಿಂದಕ್ಕೆ ಸರಿದು ಕಣ್ಣಿಟ್ಟಿರುತ್ತಾರೆ.

ಎಲ್ಲಕ್ಕಿಂತ ಆಳವಾಗಿ ಬೇರೂರಿರುವ ತಪ್ಪು ಎಂದರೆ, ತಿದ್ದಬೇಕಾದದ್ದು ಆಟಿಸಂ ಇರುವ ಮಗುವನ್ನು ಎಂಬುದು. ಜೊತೆಗಾರ ಎಂದರೆ ಪುಟ್ಟ ಮೇಷ್ಟರು, ಅವನು ಸಹಪಾಠಿಗೆ ನಡತೆ ಕಲಿಸುತ್ತಾನೆ ಎಂದೇ ಬಹಳ ಜನ ತಿಳಿದಿರುತ್ತಾರೆ. ಕಸಾರಿ ಮತ್ತು ಸಂಗಡಿಗರ 2012ರ ಪ್ರಯೋಗ ಈ ತಿಳಿವಳಿಕೆಯನ್ನು ತಲೆಕೆಳಗು ಮಾಡುತ್ತದೆ. ಸಾಮಾನ್ಯ ತರಗತಿಗಳಲ್ಲಿ ಓದುತ್ತಿದ್ದ 6ರಿಂದ 11 ವರ್ಷದ, ಆಟಿಸಂ ಇರುವ 60 ಮಕ್ಕಳು ಅದರಲ್ಲಿದ್ದರು. ಕೆಲವರಿಗೆ ಒಬ್ಬೊಬ್ಬರಾಗಿ ಸಾಮಾಜಿಕ ಕೌಶಲ ಕಲಿಸಿದರು. ಇನ್ನು ಕೆಲವರ ವಿಷಯದಲ್ಲಿ ಆ ಮಗುವಿಗೆ ಏನನ್ನೂ ಕಲಿಸದೆ, ಅದೇ ತರಗತಿಯ ಮೂವರು ಮಕ್ಕಳಿಗೆ, ಆಟದ ಬಯಲಿನಲ್ಲಿ ಒಂಟಿಯಾಗಿ ನಿಂತವರನ್ನು ಗುರುತಿಸಿ ಸೇರಿಸಿಕೊಳ್ಳುವುದು ಹೇಗೆಂದು ಹೇಳಿಕೊಟ್ಟರು. ಆರು ವಾರಗಳಲ್ಲಿ ಹನ್ನೆರಡು ಬಾರಿ, ಅಷ್ಟೇ. ತರಗತಿಯ ಗೆಳೆತನದ ಜಾಲದಲ್ಲಿ ಆಟಿಸಂ ಮಗುವಿನ ಸ್ಥಾನ ಹೆಚ್ಚು ಸುಧಾರಿಸಿದ್ದು ಈ ಎರಡನೆಯ ದಾರಿಯಲ್ಲಿ. ಮೂರು ತಿಂಗಳ ಬಳಿಕ ಹೋಗಿ ನೋಡಿದಾಗಲೂ ಬಯಲಿನಲ್ಲಿ ಒಂಟಿಯಾಗಿರುವುದು ಕಡಿಮೆಯಾಗಿತ್ತು. ಇವರು ಚಿಕ್ಕ ಮಕ್ಕಳು, ಹದಿಹರೆಯದವರ ಮಾತು ಬೇರೆ ಎನ್ನಬಹುದು. ಆದರೆ ಕಾರ್ಟರ್ ಅವರ ಪ್ರೌಢಶಾಲಾ ಫಲಿತಾಂಶವೂ ಅದೇ ದಿಕ್ಕಿಗೆ ಬೆರಳು ಮಾಡುತ್ತದೆ. ದೊಡ್ಡವರ ಮೇಲೆ ನಡೆದ ಇನ್ನೊಂದು ಅಧ್ಯಯನವಂತೂ ಕಾರಣವನ್ನೇ ಬಿಚ್ಚಿಡುತ್ತದೆ. ನೋವಾ ಸ್ಯಾಸನ್ ಮತ್ತು ಸಂಗಡಿಗರು 2017ರಲ್ಲಿ, ಆಟಿಸಂ ಇರುವವರು ಮತ್ತು ಇಲ್ಲದವರು ಮಾತಾಡುವ ಕೆಲವೇ ಸೆಕೆಂಡುಗಳ ತುಣುಕುಗಳನ್ನು ಜನರಿಗೆ ತೋರಿಸಿದರು. ಆಟಿಸಂ ಇರುವವರ ಜೊತೆ ಮಾತಾಡಲು, ಪಕ್ಕದಲ್ಲಿ ಕೂರಲು ನೋಡುಗರು ಕ್ಷಣಾರ್ಧದಲ್ಲಿ ಹಿಂದೇಟು ಹಾಕಿದರು. ಅದೇ ಮಾತುಗಳನ್ನು ಬರಹದಲ್ಲಿ ಮಾತ್ರ ಕೊಟ್ಟಾಗ ಆ ಹಿಂದೇಟು ಇಲ್ಲವಾಯಿತು. ಅಂದರೆ ಅವರು ಹೇಳುತ್ತಿದ್ದ ವಿಷಯದಲ್ಲಿ ಯಾವ ಕೊರತೆಯೂ ಇರಲಿಲ್ಲ. ದನಿಯ ಏರಿಳಿತ, ಕಣ್ಣಿನ ಚಲನೆ, ಕೈಯ ಆಟ ನೋಡಿ ನೋಡುಗರು ತೀರ್ಪು ಕೊಟ್ಟಿದ್ದರು. ಸ್ವತಃ ಆಟಿಸಂ ಇರುವ ಬ್ರಿಟಿಷ್ ವಿದ್ವಾಂಸ ಡೇಮಿಯನ್ ಮಿಲ್ಟನ್ 2012ರಲ್ಲೇ ಇದನ್ನು ಎರಡೂ ಕಡೆಯ ತೊಡಕು ಎಂದು ಕರೆದಿದ್ದರು: ಅವರು ನಮ್ಮನ್ನು ಅರಿಯುವುದರಲ್ಲಿ ಎಷ್ಟು ಎಡವುತ್ತಾರೋ ನಾವು ಅವರನ್ನು ಅರಿಯುವುದರಲ್ಲೂ ಅಷ್ಟೇ ಎಡವುತ್ತೇವೆ. ಆದ್ದರಿಂದ ಜೊತೆಗಾರನಾಗುವ ಹುಡುಗ ಮೊದಲು ಕಲಿಯುವವನು, ಆಮೇಲೆ ಕಲಿಸುವವನು. ನನ್ನ ವಾದದ ತಿರುಳು ಇದೇ.

ಇದಕ್ಕೆ ಬರುವ ಆಕ್ಷೇಪಗಳಲ್ಲಿ ತಂದೆತಾಯಂದಿರದು ದೊಡ್ಡದು: ನನ್ನ ಮಗಳ ಓದು ಕೆಡುವುದಿಲ್ಲವೇ? ಅಂಕಗಳ ಮೇಲೆ ಭವಿಷ್ಯ ನಿಂತಿರುವಲ್ಲಿ ಈ ಭಯವನ್ನು ಸ್ವಾರ್ಥ ಎಂದು ತಳ್ಳಿಹಾಕಬಾರದು. ಲಿಸಾ ಕಶಿಂಗ್ ಮತ್ತು ಕ್ರೇಗ್ ಕೆನಡಿ 1997ರಲ್ಲಿ ಇದೇ ಪ್ರಶ್ನೆ ಕೇಳಿಕೊಂಡರು. ಅಂಗವೈಕಲ್ಯ ಇರುವ ಸಹಪಾಠಿಗೆ ನೆರವಾದ ವಿದ್ಯಾರ್ಥಿಗಳ ಪಾಠದ ಮೇಲಿನ ಗಮನ ಹೆಚ್ಚಿತು, ಓದಿನಲ್ಲಿ ಹಿಂದಿದ್ದವರಿಗೂ ಪ್ರಯೋಜನವಾಯಿತು. ಅದು ಬೆರಳೆಣಿಕೆಯ ವಿದ್ಯಾರ್ಥಿಗಳ ಅಧ್ಯಯನ, ಅದರ ಮೇಲೆ ಅರಮನೆ ಕಟ್ಟಲಾಗದು. ಆದರೂ ಇದರ ಹಿಂದಿನ ಕಾರಣ ಯಾವ ಶಿಕ್ಷಕರಿಗಾದರೂ ಗೊತ್ತಿರುವಂಥದ್ದೇ. ಇನ್ನೊಬ್ಬರಿಗೆ ನಾಲ್ಕು ಸಾಲಿನಲ್ಲಿ ಬರೆದುಕೊಡಬೇಕಾದವನು ಪಾಠವನ್ನು ಕಿವಿಗೊಟ್ಟು ಕೇಳಲೇಬೇಕು. ಅದಕ್ಕೆಂದೇ ಮೊದಲ ಸಾಲಿನ ಬುದ್ಧಿವಂತರನ್ನು ಮಾತ್ರ ಆರಿಸುವ ಅಭ್ಯಾಸ ಕೈಬಿಡಬೇಕು. ಮಿಶಿಗನ್ ರಾಜ್ಯದ ಹಲವು ಪ್ರೌಢಶಾಲೆಗಳು ಈ ಕೆಲಸವನ್ನು ಐಚ್ಛಿಕ ವಿಷಯವನ್ನಾಗಿ ಮಾಡಿ ಕ್ರೆಡಿಟ್ ಕೊಡುತ್ತವೆ. ಜೊತೆಗಾರರ ಶ್ರಮ ಬಿಟ್ಟಿ ಚಾಕರಿಯಾಗುವುದು ಹಾಗೆ ತಪ್ಪುತ್ತದೆ.

ಇನ್ನೊಂದು ಆಕ್ಷೇಪ ಅಂಗವೈಕಲ್ಯ ಇರುವವರಿಂದಲೇ ಬಂದದ್ದು. ನಾನು ಬಹಳ ಗೌರವಿಸುವುದು ಅದನ್ನೇ. ಸೆರೆಬ್ರಲ್ ಪಾಲ್ಸಿ ಇರುವ ನಾರ್ಮನ್ ಕುಂಕ್, ಎಮ್ಮಾ ವಾನ್ ಡರ್ ಕ್ಲಿಫ್ಟ್ ಅವರ ಜೊತೆ 1994ರಲ್ಲಿ ಬರೆದ ಲೇಖನದಲ್ಲಿ ಒಂದು ಎಚ್ಚರಿಕೆ ಇದೆ: ಸದಾ ಒಂದೇ ಕಡೆಯಿಂದ ಹರಿಯುವ ನೆರವು ಗೆಳೆತನವಾಗಲಾರದು, ಪಡೆಯುವವನನ್ನು ಅದು ಕೆಳಗೇ ಇಡುತ್ತದೆ. ಜೊತೆಗಾರರ ಪದ್ಧತಿಯಲ್ಲಿ ಈ ಅಪಾಯ ನಿಜವಾಗಿಯೂ ಇದೆ. ವಾರ್ಷಿಕೋತ್ಸವದಲ್ಲಿ ಜೊತೆಗಾರನಿಗೆ ಹಾರ ಹಾಕಿ, ಆಟಿಸಂ ಇರುವ ಹುಡುಗನನ್ನು ಪಕ್ಕದಲ್ಲಿ ನಿಲ್ಲಿಸಿ ಫೋಟೊ ತೆಗೆದ ದಿನವೇ ಆ ಕೆಲಸ ಕೆಟ್ಟಿತೆಂದು ತಿಳಿಯಬೇಕು. ಪದ್ಧತಿಯನ್ನು ಬಿಟ್ಟುಬಿಡುವುದರಿಂದ ಈ ಅಪಾಯಕ್ಕೆ ಪರಿಹಾರ ಸಿಗದು. ನೆರವು ಎರಡೂ ಕಡೆಗೆ ಹರಿಯುವಂತೆ ಮಾಡಬೇಕು. ರೈಲುಗಳ ವೇಳಾಪಟ್ಟಿ, ಲೆಕ್ಕ, ಚಿತ್ರಕಲೆ, ಕಂಪ್ಯೂಟರ್ ಹೀಗೆ ತನಗೆ ಹಿಡಿತವಿರುವ ಕಡೆ ಆಟಿಸಂ ಇರುವ ವಿದ್ಯಾರ್ಥಿಯೇ ಜೊತೆಗಾರನಾಗಬೇಕು. ಆಟಿಸಂ ಇರುವವರೆಲ್ಲರಲ್ಲೂ ಅದ್ಭುತ ಪ್ರತಿಭೆ ಅಡಗಿರುತ್ತದೆ ಎಂಬುದೂ ಒಂದು ತಪ್ಪು ಕಲ್ಪನೆಯೇ. ಅಂಥ ಪ್ರತಿಭೆ ಇದ್ದರೆ ಮಾತ್ರ ಬೆಲೆ ಎನ್ನುವುದು ಕ್ರೌರ್ಯ. ಕ್ಯಾರಮ್ಮಿಗೆ ನಾಲ್ಕನೆಯವನಾಗಿ ಕೂತರೂ ಆ ಹುಡುಗ ಆಟಕ್ಕೆ ಬೇಕಾದವನೇ.

ಕಣ್ಣಲ್ಲಿ ಕಣ್ಣಿಟ್ಟು ನೋಡು, ಕೈ ಆಡಿಸಬೇಡ ಎಂದು ಜೊತೆಗಾರ ಕಾವಲುಗಾರನಂತೆ ತಿದ್ದತೊಡಗಿದರೆ? ಹಾಗಾಗಬಾರದು. ಒಬ್ಬ ವಿದ್ಯಾರ್ಥಿ ಕೈ ಆಡಿಸುವುದು ಎಷ್ಟೋ ಸಲ ಗದ್ದಲದ ನಡುವೆ ತನ್ನನ್ನು ತಾನು ಹಿಡಿದಿಟ್ಟುಕೊಳ್ಳುವ ದಾರಿ. ಊಟದ ಕೋಣೆಯಲ್ಲಿ ನೂರಾರು ಮಂದಿ ಒಟ್ಟಿಗೆ ಮಾತಾಡುವ ಸದ್ದು, ಟ್ಯೂಬ್‌ಲೈಟಿನ ಗುಂಯ್‌ಗುಟ್ಟುವಿಕೆ ನಮ್ಮ ಕಿವಿಗೆ ಬೀಳದೆ ಹೋಗಬಹುದು, ಅವನಿಗೆ ಅದು ತಲೆಯೊಳಗೇ ಬಾರಿಸಿದಂತೆ. ತಾನು ಬೇರೆಯಲ್ಲ ಎಂದು ದಿನವಿಡೀ ನಟಿಸುವುದು ಆಟಿಸಂ ಇರುವವರನ್ನು ಹೇಗೆ ದಣಿಸುತ್ತದೆ, ಆತಂಕ ಮತ್ತು ಖಿನ್ನತೆಯೊಂದಿಗೆ ಹೇಗೆ ತಳಕು ಹಾಕಿಕೊಂಡಿದೆ ಎಂಬುದನ್ನು ಇತ್ತೀಚಿನ ಸಂಶೋಧನೆಗಳು ಮತ್ತೆ ಮತ್ತೆ ತೋರಿಸಿವೆ. ಗದ್ದಲ ಹೆಚ್ಚಾದಾಗ "ಬಾ, ಹೊರಗೆ ಜಗಲಿಯಲ್ಲಿ ಕೂತು ಉಣ್ಣೋಣ" ಎನ್ನುವ ಜೊತೆಗಾರ, ಕಣ್ಣು ನೋಡು ಎನ್ನುವವನಿಗಿಂತ ಹತ್ತು ಪಾಲು ಮೇಲು. ಸಹಪಾಠಿಗಳಿಗೆ ಮಗುವಿನ ಆಟಿಸಂ ಬಗ್ಗೆ ಏನು ಹೇಳಬೇಕು, ಎಷ್ಟು ಹೇಳಬೇಕು ಎಂಬುದೂ ಆ ವಿದ್ಯಾರ್ಥಿಯ ಮತ್ತು ಮನೆಯವರ ಒಪ್ಪಿಗೆಯಂತೆ ನಡೆಯಬೇಕು, ಶಾಲೆಯ ಮರ್ಜಿಯಂತಲ್ಲ.

ಕರ್ನಾಟಕದಲ್ಲಿ ಇದು ಆಗುವ ಮಾತೇ ಎನ್ನುವವರಿಗೆ ಎರಡು ವಿಷಯ ಹೇಳಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿರುವ 21 ಅಂಗವೈಕಲ್ಯಗಳಲ್ಲಿ ಆಟಿಸಂ ಒಂದು. ಅದರ 16ನೆಯ ಕಲಮು ಸರ್ಕಾರಿ ಮತ್ತು ಮಾನ್ಯತೆ ಪಡೆದ ಶಾಲೆಗಳು ಎಲ್ಲರನ್ನೂ ಒಳಗೊಳ್ಳುವ ಶಿಕ್ಷಣ ಕೊಡಬೇಕು, ಭೇದವಿಲ್ಲದೆ ಸೇರಿಸಿಕೊಳ್ಳಬೇಕು ಎನ್ನುತ್ತದೆ. ಸೇರಿಸಿಕೊಂಡ ಮೇಲೆ ಮಗು ಯಾರ ಪಕ್ಕ ಕೂರುತ್ತದೆ ಎಂಬುದನ್ನು ಕಾನೂನು ಬರೆಯಲಾರದು. ಇನ್ನೊಂದು, ಮಕ್ಕಳೇ ಮಕ್ಕಳಿಗೆ ನೆರವಾಗುವುದು ನಮ್ಮ ಶಾಲೆಗಳಿಗೆ ಹೊಸತೇನಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ನಲಿ-ಕಲಿ ಪದ್ಧತಿಯಲ್ಲಿ ಶಿಕ್ಷಕರ ನೆರವಿನ ತಟ್ಟೆಗಳ, ಅಂದರೆ ಮಕ್ಕಳು ಕೂರುವ ಗುಂಪುಗಳ, ಜೊತೆಗೇ ಗೆಳೆಯರ ನೆರವಿನ ತಟ್ಟೆಗಳೂ ಇವೆ. ನೆಲದ ಮೇಲೆ ವೃತ್ತವಾಗಿ ಕೂತು ಒಬ್ಬರಿಗೊಬ್ಬರು ಹೇಳಿಕೊಡುತ್ತ ಓದು ಕಲಿತ ಮಕ್ಕಳೇ ಎಂಟನೆಯ ತರಗತಿಗೆ ಬರುವ ಹೊತ್ತಿಗೆ ಸಾಲು ಬೆಂಚುಗಳಲ್ಲಿ ಬೋರ್ಡಿಗೆ ಮುಖ ಮಾಡಿ ಕೂತಿರುತ್ತಾರೆ. ಎಸ್ಸೆಸ್ಸೆಲ್ಸಿಯ ಚಿಂತೆಯಲ್ಲಿ ಆ ಅಭ್ಯಾಸ ಬಿದ್ದುಹೋಗಿರುತ್ತದೆ. ಅದನ್ನು ಮತ್ತೆ ಎತ್ತಿಕೊಳ್ಳಲು ದೊಡ್ಡ ಯೋಜನೆ, ದೊಡ್ಡ ಹಣ ಯಾವುದೂ ಬೇಡ. ಒಂದು ತರಗತಿ, ಒಪ್ಪಿ ಮುಂದೆ ಬರುವ ಇಬ್ಬರೋ ಮೂವರೋ ಸಹಪಾಠಿಗಳು, ವಾರಕ್ಕೆ ಇಪ್ಪತ್ತು ನಿಮಿಷ ಅವರ ಜೊತೆ ಕೂರುವ ಒಬ್ಬ ಶಿಕ್ಷಕಿ ಇದ್ದರೆ ಶುರು ಮಾಡಬಹುದು. ಆ ಇಬ್ಬರು ಮೂವರು ಯಾರಾಗಬೇಕೆಂದು ಮೊದಲು ಕೇಳಬೇಕಾದ್ದು ಆಟಿಸಂ ಇರುವ ವಿದ್ಯಾರ್ಥಿಯನ್ನೇ. ಮಾತು ಬಾರದಿದ್ದರೆ ತರಗತಿಯ ಗುಂಪು ಫೋಟೊ ಮುಂದಿಟ್ಟು, ಅವನ ಬೆರಳು ಯಾರ ಮುಖದ ಮೇಲೆ ಹೋಗುತ್ತದೆಂದು ಕಾದು ನೋಡಬಹುದು.