ಸೈಕಲ್ ಸವಾರಿ: ದಾರಿಗೆ ತಕ್ಕ ಉಡುಪು

ಒಂದು ಕಾಲದಲ್ಲಿ ಸೈಕಲ್ಲುಗಳ ನಗರವೆಂದೇ ಹೆಸರಾಗಿದ್ದ ಪುಣೆಯಲ್ಲಿ ನೆಲೆಸಿರುವ ನಾವು, ಸವಾರಿಗೆ ಹೊರಡುವ ಮುನ್ನ ಉಡುಪಿನ ಬಗೆಗೂ ಯೋಚಿಸುವುದು ಒಳಿತು.

ನಾಲ್ಕಾರು ಕಿಲೋಮೀಟರ್ ದೂರದ ಕಚೇರಿಗೆ ನಿತ್ಯದ ಹತ್ತಿಯ ಉಡುಪೇ ಸಾಕು; ಬಲಗಾಲಿನ ಪ್ಯಾಂಟಿನ ಅಂಚು ಚೈನಿಗೆ ಸಿಲುಕದಂತೆ ಪಟ್ಟಿ ಕಟ್ಟಿಕೊಂಡರಾಯಿತು.

ಸಿಂಹಗಡದಂತಹ ಏರುದಾರಿಗೆ ಮಾತ್ರ ಹತ್ತಿ ಸಲ್ಲದು. ಏರುವಾಗ ಬೆವರು ಹೀರಿ ಒದ್ದೆಯಾದ ಬಟ್ಟೆ, ಚಳಿಗಾಲದ ಮುಂಜಾನೆ ಇಳಿಯುವಾಗ ಗಾಳಿಗೆ ಮೈ ನಡುಗಿಸುತ್ತದೆ. ನಡುಗುವ ಕೈಗೆ ಬ್ರೇಕಿನ ಹಿಡಿತ ತಪ್ಪೀತು. ಬೇಗ ಒಣಗುವ ಪಾಲಿಯೆಸ್ಟರ್ ಜೆರ್ಸಿ, ಇಳಿಜಾರಿಗೆಂದು ತೆಳುವಾದೊಂದು ಜಾಕೆಟ್ ಜೊತೆಗಿರಲಿ.

ದೀರ್ಘ ಸವಾರಿಗೆ ಮೆತ್ತೆಯುಳ್ಳ ಸೈಕ್ಲಿಂಗ್ ಚಡ್ಡಿ ಲೇಸು. ಅದರೊಳಗೆ ಒಳಉಡುಪು ತೊಟ್ಟರೆ ಹೊಲಿಗೆ ಉಜ್ಜಿ ಚರ್ಮ ತರಚುತ್ತದೆ.

ಮಳೆಗಾಲದ ಮುಸ್ಸಂಜೆಗೆ ಕಪ್ಪು ರೇನ್‌ಕೋಟ್ ಬೇಡ. ಬೆಳಕನ್ನು ಪ್ರತಿಫಲಿಸುವ ಪಟ್ಟಿಗಳಿರುವ ತಿಳಿಬಣ್ಣದ್ದನ್ನೇ ಆರಿಸಿಕೊಳ್ಳೋಣ. ಹಿಂದೆ ಬರುವ ವಾಹನದವರ ಕಣ್ಣಿಗೆ ಬೀಳುವುದೂ ನಮಗೊಂದು ರಕ್ಷೆಯೇ.