ಕೂಸಿನ ತಲೆ ಚಪ್ಪಟೆಯಾದರೆ

ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆ ಬಾಣಂತಿಯನ್ನು ನೋಡಲು ಬಂದ ಅಜ್ಜಿಯ ಕಣ್ಣು ಮೊದಲು ಬೀಳುವುದು ಕೂಸಿನ ತಲೆಯ ಮೇಲೆ. “ಒಂದು ಕಡೆ ಚಪ್ಪಟೆ ಆಗೈತಲ್ಲಮ್ಮಾ, ಸಾಸಿವೆ ದಿಂಬು ಇಡು!” ಎಳೆತಾಯಿಯ ಎದೆ ಧಸಕ್ಕೆನ್ನುತ್ತದೆ.

ಗಾಬರಿ ಬೇಡ, ಸೋದರಿ. ಎಳೆಯ ಬುರುಡೆ ಮೆತ್ತಗೆ; ಒಂದೇ ಮಗ್ಗುಲು ಒತ್ತಿದರೆ ಚಪ್ಪಟೆಯಾಗುತ್ತದೆ. ಅಂಗಾತವೇ ಮಲಗಿಸಿ; ವರ್ಷ ತುಂಬುವವರೆಗೆ ದಿಂಬು ಬೇಡ. ಎಚ್ಚರವಿದ್ದಾಗ ಎದುರಿಗೇ ಕೂತು ಬೋರಲು ಹಾಕಿ ಆಡಿಸಿ. ಎತ್ತಿಕೊಳ್ಳುವ ಮಗ್ಗುಲು ಬದಲಿಸಿ.

ಕತ್ತು ಒಂದೇ ಕಡೆ ವಾಲುತ್ತಿದ್ದರೆ, ತಲೆಯಲ್ಲಿ ಗಟ್ಟಿ ಏಣು ಕೈಗೆ ತಗುಲಿದರೆ ತಡಮಾಡದೆ ಕೋಲಾರದ ಜಿಲ್ಲಾ ಆಸ್ಪತ್ರೆಗೆ ತೋರಿಸಿ.

ದಿನಕ್ಕೆ 23 ಗಂಟೆ ತೊಡಿಸುವ ಹೆಲ್ಮೆಟ್ಟಿಗೆ ಸಾಲ ಮಾಡಬೇಕೇ? 2014ರಲ್ಲಿ ಪ್ರಕಟವಾದ ನೆದರ್ಲೆಂಡ್ಸಿನ ಪರೀಕ್ಷೆಯಲ್ಲಿ 84 ಮಕ್ಕಳಿದ್ದರು. ತೊಟ್ಟವರಿಗೂ ತೊಡದವರಿಗೂ ಎರಡು ವರ್ಷದ ಹೊತ್ತಿಗೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆದ್ದರಿಂದ ವೈದ್ಯರನ್ನು ಕೇಳದೆ ಒಡವೆ ಅಡವಿಡಬೇಡಿ. ಕೂತು, ಅಂಬೆಗಾಲಿಡುತ್ತಾ ತಲೆ ಬಹಳಷ್ಟು ತಿದ್ದಿಕೊಳ್ಳುತ್ತದೆ. ಉಳಿದದ್ದನ್ನು ಕೂದಲು ಮುಚ್ಚುತ್ತದೆ.