ಗುಂಪು ಬಿಟ್ಟು ಸಿಂಗಾಪುರದಲ್ಲಿ ಒಂದು ದಿನ

ಥಾಣೆ, ಡೊಂಬಿವಲಿ, ಕಲ್ಯಾಣದ ನಮ್ಮ ಹೊಟೇಲ್ ಬಂಧುಗಳಿಗೆ ವಿದೇಶ ಪ್ರವಾಸ ಈಗ ಹೊಸತಲ್ಲ. ಆದರೆ ಹೋಗುವುದು ಹೆಚ್ಚಾಗಿ ಗುಂಪಿನಲ್ಲಿ. ಬೆಳಿಗ್ಗೆ ಬಸ್ಸು ಹತ್ತಿಸುತ್ತಾರೆ, ನಾಲ್ಕು ಜಾಗ ತೋರಿಸುತ್ತಾರೆ, ಮಧ್ಯಾಹ್ನ ಭಾರತೀಯ ಊಟ ಹಾಕಿಸಿ ರಾತ್ರಿ ಕೋಣೆಗೆ ತಂದು ಬಿಡುತ್ತಾರೆ. ಊರಿಗೆ ಮರಳಿದ ಮೇಲೆ ‘ಅಲ್ಲಿಯವರು ಹೊಟೇಲ್ ಹೇಗೆ ನಡೆಸುತ್ತಾರೆ?’ ಎಂದು ಯಾರಾದರೂ ಕೇಳಿದರೆ ನಮ್ಮಲ್ಲಿ ಉತ್ತರವಿರುವುದಿಲ್ಲ. ಆದ್ದರಿಂದ ನನ್ನ ಸಲಹೆ ಇಷ್ಟೇ: ಐದು ದಿನದ ಪ್ರವಾಸದಲ್ಲಿ ಒಂದು ದಿನವನ್ನಾದರೂ ಒಬ್ಬರೇ ಸುತ್ತಲು ಇಟ್ಟುಕೊಳ್ಳಿ.

ಮಾಜಿವಾಡಾ ನಾಕಾದ ಹತ್ತಿರ ಗಲ್ಲಾದಲ್ಲಿ ಕುಳಿತೇ ವರ್ಷಗಳನ್ನು ಕಳೆದ ನನಗೆ ಅಂಥ ಒಂದು ದಿನ ಸಿಂಗಾಪುರದಲ್ಲಿ ಸಿಕ್ಕಿತು. ಗುಂಪಿನವರು ಸೆಂಟೋಸಾ ದ್ವೀಪಕ್ಕೆ ಹೊರಟರು, ನಾನು ಹಿಂದೆ ಉಳಿದೆ. ಕಿಸೆಯಲ್ಲಿ ಪಾಸ್‌ಪೋರ್ಟಿನ ಜೆರಾಕ್ಸ್, ಉಳಿದುಕೊಂಡಿದ್ದ ಹೊಟೇಲಿನ ಕಾರ್ಡು, ಸ್ವಲ್ಪ ಚಿಲ್ಲರೆ ಡಾಲರ್. ಅಲ್ಲಿನ ಎಂ.ಆರ್.ಟಿ. ರೈಲು 1987ರಲ್ಲಿ ಆರಂಭವಾದದ್ದು. ನಿಲ್ದಾಣದ ಫಲಕಗಳಲ್ಲಿ ಇಂಗ್ಲಿಷ್ ಇರುವುದರಿಂದ ದಾರಿ ತಪ್ಪುವ ಭಯವಿಲ್ಲ. ವಿರಾರ್ ಲೋಕಲ್ ಹತ್ತಿದವನಿಗಂತೂ ಅದು ಮಕ್ಕಳಾಟ.

ಮೊದಲು ಇಳಿದದ್ದು ಲಿಟ್ಲ್ ಇಂಡಿಯಾದಲ್ಲಿ. ಸೆರಂಗೂನ್ ರಸ್ತೆಯ ಕೋಮಳ ವಿಲಾಸ 1947ರದ್ದು. ಆನಂದ ಭವನವಂತೂ 1924ರಷ್ಟು ಹಳೆಯದು. ಮಾಟುಂಗಾದಲ್ಲಿ ಎ. ರಾಮ ನಾಯಕರು ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದದ್ದು 1942ರಲ್ಲಿ. ಪರವೂರಿಗೆ ಬಂದವರ ಹಸಿವು ತಣಿಸಲು ಹುಟ್ಟಿದ ಸಸ್ಯಾಹಾರಿ ಹೊಟೇಲುಗಳ ಕಥೆ ಎಲ್ಲ ಕಡೆ ಒಂದೇ ಎನಿಸಿತು.

ಹತ್ತಿರದಲ್ಲೇ ಟೆಕ್ಕಾ ಸೆಂಟರ್. ಸಿಂಗಾಪುರದವರು ಇಂಥ ಜಾಗಕ್ಕೆ ‘ಹಾಕರ್ ಸೆಂಟರ್’ ಎನ್ನುತ್ತಾರೆ. ಒಂದು ಕಾಲದಲ್ಲಿ ಅಲ್ಲಿಯೂ ನಮ್ಮಲ್ಲಿಯಂತೆ ಬೀದಿಬದಿಯ ಗಾಡಿಗಳಿದ್ದವು. 1968-69ರಲ್ಲಿ ಸರಕಾರ ಸುಮಾರು 18 ಸಾವಿರ ಬೀದಿ ವ್ಯಾಪಾರಿಗಳನ್ನು ನೋಂದಾಯಿಸಿತು. ಬಳಿಕ ನೀರು, ಚರಂಡಿ, ವಿದ್ಯುತ್ ಇರುವ ಕಟ್ಟಡಗಳನ್ನು ಕಟ್ಟಿ 1986ರ ಹೊತ್ತಿಗೆ ಅವರನ್ನೆಲ್ಲ ಅಲ್ಲಿಗೆ ಸೇರಿಸಿತು. ಇಂದು ಅಂಥ ಕೇಂದ್ರಗಳು ನೂರಕ್ಕೂ ಹೆಚ್ಚಿವೆ. 2020ರಲ್ಲಿ ಯುನೆಸ್ಕೋ ಈ ಪದ್ಧತಿಯನ್ನು ಪರಂಪರೆಯ ಪಟ್ಟಿಗೆ ಸೇರಿಸಿತು. 2016ರಲ್ಲಿ ಎರಡು ಹಾಕರ್ ಅಂಗಡಿಗಳಿಗೆ ಮಿಶೆಲಿನ್ ನಕ್ಷತ್ರ ಸಿಕ್ಕಿದ್ದೂ ದೊಡ್ಡ ಸುದ್ದಿಯಾಗಿತ್ತು.

ಒಬ್ಬನೇ ಇದ್ದುದರಿಂದ ಮೂಲೆಯ ಟೇಬಲಿನಲ್ಲಿ ಒಂದು ಗಂಟೆ ಕುಳಿತು ನೋಡಿದೆ. ಎಷ್ಟೋ ಅಂಗಡಿಗಳಲ್ಲಿ ಒಂದೆರಡೇ ಪದಾರ್ಥ. ನಮ್ಮ ಹಾಗೆ ಇಡ್ಲಿಯಿಂದ ಚೈನೀಸ್‌ವರೆಗೆ ಉದ್ದನೆಯ ಮೆನು ಇಲ್ಲ. ಆದ್ದರಿಂದ ದಾಸ್ತಾನು ಕಡಿಮೆ, ಇಬ್ಬರು ಮೂವರಲ್ಲಿ ಕೆಲಸ ಸಾಗುತ್ತದೆ. ಕಾಫಿಯನ್ನು ಬಟ್ಟೆಯ ಚೀಲದಲ್ಲಿ ಸೋಸುತ್ತಾರೆ, ಚಹಾವನ್ನು ನಮ್ಮ ಹಳೆಯ ಹೊಟೇಲುಗಳಂತೆ ಎತ್ತರದಿಂದ ಹೊಯ್ದು ನೊರೆ ಬರಿಸುತ್ತಾರೆ. ಜಾಗ ಹಿಡಿಯಲು ಟೇಬಲಿನ ಮೇಲೆ ಟಿಶ್ಯೂ ಪೊಟ್ಟಣ ಇಟ್ಟರೆ ಸಾಕು, ಯಾರೂ ಮುಟ್ಟುವುದಿಲ್ಲ. ಉಂಡ ಮೇಲೆ ಟ್ರೇಯನ್ನು ಗಿರಾಕಿಯೇ ಒಯ್ದಿಡಬೇಕು. 2021ರ ಸೆಪ್ಟೆಂಬರಿನಿಂದ ಇದು ಕಡ್ಡಾಯ. ಮೊದಲ ಸಲ ಎಚ್ಚರಿಕೆ, ಮತ್ತೆ ತಪ್ಪಿದರೆ 300 ಡಾಲರ್ ದಂಡ! ಟೇಬಲ್ ಒರೆಸುವ ಹುಡುಗರು ಸಿಗದೆ ಪರದಾಡುವ ನಮಗೆ ಇದು ಯೋಚಿಸಬೇಕಾದ ಮಾತು.

ಆದರೆ ಮನಸ್ಸಿಗೆ ನಾಟಿದ್ದು ಬೇರೆಯೇ. ಒಲೆಯ ಮುಂದೆ ನಿಂತಿದ್ದವರಲ್ಲಿ ಹೆಚ್ಚಿನವರು ವಯಸ್ಸಾದವರು. ಮಕ್ಕಳು ಓದಿ ಆಫೀಸು ಸೇರಿದ್ದಾರೆ, ಕೆಂಡದ ಮುಂದೆ ನಿಲ್ಲಲು ಒಲ್ಲರು. ಇದಕ್ಕೆ ಸರಕಾರ 2022ರಲ್ಲಿ ಒಂದು ಯೋಜನೆ ತಂದಿತು. ನಿವೃತ್ತರಾಗುವ ಹಿರಿಯ ವ್ಯಾಪಾರಿ ತನ್ನ ಕೈರುಚಿಯನ್ನೂ ಅಂಗಡಿಯನ್ನೂ ಕುಟುಂಬದ ಹೊರಗಿನ, ಆಸಕ್ತಿಯುಳ್ಳ ಒಬ್ಬರಿಗೆ ಕಲಿಸಿ ಒಪ್ಪಿಸಬಹುದು. ಅದಕ್ಕೂ ಮೊದಲು, 2018ರಲ್ಲಿ, ಹೊಸಬರಿಗೆ ಸಾಮಾನು ಅಳವಡಿಸಿದ ಅಂಗಡಿಯನ್ನು ಕಡಿಮೆ ಬಾಡಿಗೆಗೆ ಕೊಡುವ ಯೋಜನೆ ಶುರುವಾಗಿತ್ತು.

ನಮ್ಮಲ್ಲಿ ಏನಾಗುತ್ತಿದೆ? ಮಗ ಬೆಂಗಳೂರಿನಲ್ಲಿ, ಮಗಳು ಅಮೆರಿಕದಲ್ಲಿ, ಹೊಟೇಲು ಕಂಡಕ್ಟಿಂಗ್‌ಗೆ. ಬೋರ್ಡಿನಲ್ಲಿ ಹೆಸರು ಉಳಿಯುತ್ತದೆ, ಸಾಂಬಾರಿನ ರುಚಿ ಉಳಿಯುವುದಿಲ್ಲ. ಹತ್ತಿಪ್ಪತ್ತು ವರ್ಷ ನಮ್ಮೊಡನೆ ದುಡಿದ ಭಟ್ಟರಿಗೋ ಮ್ಯಾನೇಜರಿಗೋ ಪಾಲು ಕೊಟ್ಟು ವ್ಯವಹಾರ ಕಲಿಸಿದರೆ ಹೇಗೆ? ಸರಕಾರ ಮಾಡಬೇಕೆಂದು ಕಾಯದೆ ನಮ್ಮ ಸಂಘವೇ ಈ ಬಗ್ಗೆ ಒಂದು ಸಭೆ ಕರೆದು ಚರ್ಚಿಸಬಹುದು.

ಬಂಧುಗಳೇ, ಗೈಡ್ ಇವನ್ನೆಲ್ಲ ತೋರಿಸುವುದಿಲ್ಲ. ಅವನಿಗೆ ನಾವು ಬರಿಯ ಪ್ರವಾಸಿಗರು. ಮುಂದಿನ ಸಲ ಹೋದಾಗ ಊಟದ ಸಮಯಕ್ಕೆ ಅರ್ಧ ಗಂಟೆ ಮೊದಲೇ ಇಂಥ ಒಂದು ಜಾಗಕ್ಕೆ ಹೋಗಿ ಕುಳಿತುಕೊಳ್ಳಿ. ಕಪ್ಪುಬಶಿ ಎಲ್ಲಿ ತೊಳೆಯುತ್ತಾರೆ, ಹಣ ಯಾವಾಗ ಪಡೆಯುತ್ತಾರೆ, ಉಳಿದದ್ದನ್ನು ಏನು ಮಾಡುತ್ತಾರೆ ಎಂದು ಗಮನಿಸಿ, ಚಿಕ್ಕ ಪುಸ್ತಕದಲ್ಲಿ ಬರೆದುಕೊಳ್ಳಿ. ಮರಳಿ ಬಂದು ನಮ್ಮ ಪತ್ರಿಕೆಗೂ ನಾಲ್ಕು ಸಾಲು ಬರೆದು ಕಳುಹಿಸಿ.